ಲಾಜರನ ಕಥೆಯಿಂದ ತೋಮನನ್ನ ತೆಗೀಬೇಡಿ

ಲಾಜರನನ್ನ ಯೇಸು ಸಮಾಧಿಯಿಂದ ಎಬ್ಬಿಸಿದ ಕಥೆ ನಮ್ಮ ಮಂಗಳೂರು, ಉಡುಪಿ ಕಡೆಯ ಕ್ರೈಸ್ತರಲ್ಲಿ ಯಾರಿಗೆ ಗೊತ್ತಿಲ್ಲ ಹೇಳಿ, ಸಾವಿನ ಮನೆಯಲ್ಲಿ ಕೇಳಿರ್ತೇವೆ, ವರ್ಷದ ಪೂಜೆಯಲ್ಲಿ ಕೇಳಿರ್ತೇವೆ. ಆದ್ರೆ ಆ ಕಥೆಯಲ್ಲಿ ಯೇಸುವಿನ ಶಿಷ್ಯ ತೋಮ ಎಂತ ಹೇಳ್ತಾನೆ ಅಂತ ಕೇಳಿ ನೋಡಿ. ತೋಮ ಅಲ್ಲಿ ಎಲ್ಲಿ ಬಂದ, ಅವ ಗಾಯಕ್ಕೆ ಬೆರಳು ಹಾಕದೆ ನಂಬುದಿಲ್ಲ ಅಂದವ ಅಲ್ವಾ ಅಂತ ಹೆಚ್ಚಿನವರು ತಿರುಗಿ ನಿಮ್ಮನ್ನೇ ಕೇಳ್ತಾರೆ. ನಾನೀಗ ಇರುದು ಎರ್ನಾಕುಳಂನಲ್ಲಿ, ಇಲ್ಲಿ ಸಿರೋ ಮಲಬಾರ್ ಅನ್ನುವ ಕೇರಳದ ಕಥೋಲಿಕ ಸಭೆಗೆ ಸೇರಿದ ಮನೆಯ ಒಂದು ಶಾಲೆಗೆ ಹೋಗುವ ಮಗುವಿನ ಹತ್ರ ಇದೇ ಪ್ರಶ್ನೆ ಕೇಳಿದ್ರೆ ತಡ ಇಲ್ಲದೆ ಉತ್ತರ ಬರ್ತದೆ: ನಾವೂ ಹೋಗುವ, ಅವರ ಜೊತೆಯೇ ಸಾಯುವ. ಬೈಬಲಿನಲ್ಲಿ ಯೊವಾನ್ನ ಬರೆದ ಶುಭಸಂದೇಶ, 11ನೇ ಅಧ್ಯಾಯ, 16ನೇ ವಚನ. ಯೂದಾಯಕ್ಕೆ ವಾಪಸ್ ಹೋದ್ರೆ ಕಲ್ಲು ಹೊಡೀತಾರೆ ಅಂತ ಶಿಷ್ಯರು ಹಿಂದೇಟು ಹಾಕುವಾಗ ಬಾಯಿ ಬಿಟ್ಟು ಹೊರಡುವ ಅಂದವ ಅವ ಒಬ್ಬನೇ.

ಕೇರಳದವರಿಗೆ ತೋಮ ಸ್ವಂತದವ, ಕ್ರಿ.ಶ. 52ರಲ್ಲಿ ಕೊಡುಂಗಲ್ಲೂರಿಗೆ ಬಂದಿಳಿದ ಅಂತ ಅವರ ಪರಂಪರೆ, ಜುಲೈ 3ಕ್ಕೆ ಅವನ ಹಬ್ಬ ಅಂದ್ರೆ ದೊಡ್ಡ ಹಬ್ಬ, ಹಾಗಾಗಿ ಅವನ ಮಾತು ಅವರಿಗೆ ಬಾಯಿಪಾಠ. ಅದು ಸರಿ. ಆದ್ರೆ ನಮಗೆ ಗೊತ್ತಿಲ್ಲದೆ ಹೋದದ್ದಕ್ಕೆ ಇನ್ನೊಂದು ಕಾರಣ ಉಂಟು, ಅದನ್ನೇ ಇಲ್ಲಿ ಹೇಳ್ಬೇಕು ಅಂತ ಕೂತದ್ದು.

ನಮ್ಮದು ಲ್ಯಾಟಿನ್ ರೀತಿಯ ಪೂಜೆ. ಎರಡನೇ ವ್ಯಾಟಿಕನ್ ಮಹಾಸಭೆ ಆದ ಮೇಲೆ 1969ರಲ್ಲಿ ವಾಚನಗಳ, ಅಂದ್ರೆ ಪೂಜೆಯಲ್ಲಿ ಓದುವ ಬೈಬಲ್ ಭಾಗಗಳ, ಹೊಸ ಕ್ರಮ ಬಂತು, ಭಾನುವಾರದ ವಾಚನಗಳು ಎ, ಬಿ, ಸಿ ಅಂತ ಮೂರು ವರ್ಷಕ್ಕೆ ಒಂದು ಸುತ್ತು. ಎ ವರ್ಷದ ತಪಸ್ಸುಕಾಲದಲ್ಲಿ, ಅಂದ್ರೆ ಈಸ್ಟರಿಗೆ ಮೊದಲಿನ ನಲವತ್ತು ದಿನದಲ್ಲಿ, ಮೂರು, ನಾಲ್ಕು, ಐದನೇ ಭಾನುವಾರ ಯೊವಾನ್ನನ ಮೂರು ದೊಡ್ಡ ಕಥೆಗಳು ಬರ್ತವೆ, ಬಾವಿ ಹತ್ರದ ಸಮಾರ್ಯದ ಹೆಂಗಸು, ಹುಟ್ಟುಕುರುಡ, ಲಾಜರ. 2026 ಎ ವರ್ಷ. ಈ ಮೂರೂ ಉದ್ದದ ಭಾಗಗಳು, ಹಾಗಾಗಿ ವಾಚನ ಗ್ರಂಥದಲ್ಲೇ ಪ್ರತಿಯೊಂದಕ್ಕೂ ಒಂದು ಸಣ್ಣ ರೂಪ ಕೊಟ್ಟಿದ್ದಾರೆ, ಬೇಕಾದ್ರೆ ಅದನ್ನ ಓದಬಹುದು ಅಂತ. ಬೇಕಾದ್ರೆ ಅಂತ ಇದ್ದದ್ದು ನಾನು ಕೂತು ಕೇಳಿದ ಕೆಲವು ಕಡೆ ಈಗ ಅಭ್ಯಾಸವೇ ಆಗಿ ಹೋಗಿದೆ. ಲಾಜರನ ಸಣ್ಣ ರೂಪ ತೆಗೆದು ನೋಡಿ, 7ನೇ ವಚನದಿಂದ ಸೀದಾ 17ಕ್ಕೆ ಹಾರ್ತದೆ. ತೋಮ ಇಲ್ಲವೇ ಇಲ್ಲ. ಮಾರ್ತಾಳ ತಂಗಿ ಮರಿಯ ಓಡಿ ಬಂದು ಕಾಲಿಗೆ ಬಿದ್ದು ನೀವು ಇಲ್ಲಿದ್ದಿದ್ರೆ ನನ್ನ ಅಣ್ಣ ಸಾಯ್ತಿರಲಿಲ್ಲ ಅಂತ ಅಳುದೂ ಇಲ್ಲ.

ಹುಟ್ಟುಕುರುಡನ ಕಥೆ ಇನ್ನೂ ಬೇಜಾರು. ಪೂರ್ತಿ ಅಧ್ಯಾಯ 41 ವಚನ. ಯೇಸು ಮಣ್ಣಿಗೆ ಉಗುಳು ಕಲಸಿ ಕಣ್ಣಿಗೆ ಹಚ್ಚಿ ಸಿಲೋವ ಕೊಳದಲ್ಲಿ ತೊಳ್ಕೊ ಅಂತ ಕಳಿಸ್ತಾರೆ, ಅವನಿಗೆ ಕಣ್ಣು ಬರ್ತದೆ, ಅಲ್ಲಿಗೆ ಪವಾಡ ಮುಗೀತು, ಏಳು ವಚನದಲ್ಲೇ. ಉಳಿದದ್ದೆಲ್ಲ ವಿಚಾರಣೆ. ಫರಿಸಾಯರು ಅವನ ಅಪ್ಪ ಅಮ್ಮನನ್ನ ಕರೆಸಿ ಕೇಳ್ತಾರೆ, ಇವ ನಿಮ್ಮ ಮಗನಾ, ಹುಟ್ಟಿದಾಗ ಕುರುಡನಾ, ಈಗ ಹೇಗೆ ಕಾಣ್ತದೆ. ಆ ಅಪ್ಪ ಅಮ್ಮ ಎಂತ ಹೇಳ್ತಾರೆ ಗೊತ್ತುಂಟಾ, ಮಗ ಹೌದು, ಕುರುಡ ಹುಟ್ಟಿದ್ದು ಹೌದು, ಈಗ ಹೇಗೆ ಕಾಣ್ತದೆ ಅಂತ ನಮಗೆ ಗೊತ್ತಿಲ್ಲ, ಅವ ದೊಡ್ಡವನಾಗಿದ್ದಾನೆ, ಅವನನ್ನೇ ಕೇಳಿ. ಯಾಕೆ ಹಾಗೆ ಹೇಳಿದ್ರು ಅಂತ ಯೊವಾನ್ನನೇ ಬರೀತಾನೆ, ಯೇಸುವನ್ನ ಒಪ್ಪಿದವರನ್ನ ಪ್ರಾರ್ಥನಾಮಂದಿರದಿಂದ ಹೊರಗೆ ಹಾಕುದು ಅಂತ ತೀರ್ಮಾನ ಆಗಿತ್ತು, ಆ ಹೆದರಿಕೆಗೆ. ಈ ಭಾಗ, ಅಂದ್ರೆ 18ರಿಂದ 23ನೇ ವಚನ, ಸಣ್ಣ ರೂಪದಲ್ಲಿ ಪೂರಾ ಮಾಯ.

ನಮ್ಮ ಊರಿನ ಮಟ್ಟಿಗೆ ಇಡೀ ಅಧ್ಯಾಯದಲ್ಲಿ ಕೇಳಲೇಬೇಕಾದ ಭಾಗ ಇದೇ ಅಲ್ವಾ ಮಾರಾಯ್ರೆ. ವಾಡೆಯವರು, ಅಂದ್ರೆ ಚರ್ಚಿನ ನಮ್ಮ ಕೇರಿಯವರು, ಎಂತ ಹೇಳ್ತಾರೆ, ನೆಂಟರು ಎಂತ ಹೇಳ್ತಾರೆ, ಮಗಳ ಮದುವೆ ಮಾತುಕತೆಗೆ ತೊಂದರೆ ಆಗ್ತದಾ ಅಂತ ಯೋಚನೆ ಮಾಡಿ ಮಕ್ಕಳ ಪರವಾಗಿ ನಿಲ್ಲದೆ ಅವನನ್ನೇ ಕೇಳಿ ಅಂತ ಕೈ ತೊಳ್ಕೊಂಡ ಅಪ್ಪ ಅಮ್ಮಂದಿರು ಎಷ್ಟು ಜನ ಆ ಬೆಂಚುಗಳಲ್ಲಿ ಕೂತಿರ್ತಾರೆ. ಕುಡಿತ ಬಿಟ್ಟು ಬಂದ ಮಗ ಇರ್ತಾನೆ, ಬೇರೆ ಜಾತಿಯ ಹುಡುಗಿಯನ್ನ ಮದುವೆಯಾದ ಮಗ ಇರ್ತಾನೆ, ಗಂಡನ ಮನೆಯಲ್ಲಿ ತಡೀಲಿಕ್ಕಾಗದೆ ವಾಪಸ್ ಬಂದ ಮಗಳು ಇರ್ತಾಳೆ. ಆ ಆರು ವಚನ ಗಟ್ಟಿಯಾಗಿ ಓದಿದ್ರೆ ಸಾಕು, ಪ್ರಸಂಗವೇ ಬೇಡ, ಅವರವರಿಗೆ ತಾಗುದು ತಾಗ್ತದೆ. ಅದನ್ನ ಬಿಟ್ಟು ಕಣ್ಣು ಬಂತು, ನಂಬಿದ, ಅಡ್ಡ ಬಿದ್ದ ಅಂತ ಮುಗಿಸಿದ್ರೆ ಅದು ಒಂದು ಪವಾಡದ ಸುದ್ದಿ ಅಷ್ಟೇ ಆಗಿ ಉಳೀತದೆ.

ಸಮಾರ್ಯದ ಹೆಂಗಸಿನ ಸಣ್ಣ ರೂಪದಲ್ಲೂ ಹಾಗೇ, ಅವಳ ಐದು ಗಂಡಂದಿರ ಮಾತು ಬರುದಿಲ್ಲ, ಅವಳು ಕೊಡಪಾನವನ್ನ ಅಲ್ಲೇ ಬಿಟ್ಟು ಊರಿಗೆ ಓಡಿದ್ದೂ ಬರುದಿಲ್ಲ. ನೀರಿಗೆ ಅಂತ ಬಂದವಳು ಕೊಡಪಾನವನ್ನೇ ಮರೆತು ಹೋದಳು ಅಂತ ಕೇಳುವಾಗ ಬಾವಿಯಿಂದ ನೀರು ಹೊತ್ತು ಗೊತ್ತಿದ್ದ ನಮ್ಮ ಅಮ್ಮಂದಿರಿಗೆ ಅದು ಎಷ್ಟು ಬೇಗ ಅರ್ಥ ಆಗ್ತಿತ್ತು.

ಟೈಮ್ ಇಲ್ಲ ಅಂತಾರೆ. ಮುಂದಿನ ಪೂಜೆಗೆ ಜನ ಬರ್ತಾರೆ, ಪಾರ್ಕಿಂಗ್ ಖಾಲಿ ಆಗ್ಬೇಕು, ಮಕ್ಕಳು ಅಳ್ತವೆ, ವಯಸ್ಸಾದವರು ನಿಲ್ಲಬೇಕು. ಇದೆಲ್ಲ ಇರುವ ಕಷ್ಟವೇ, ನಾನು ಇಲ್ಲ ಅನ್ನುದಿಲ್ಲ. ಆದ್ರೆ ಅದೇ ಪೂಜೆಯ ಕೊನೆಗೆ ಪ್ರಕಟಣೆಗಳಿಗೆ ಟೈಮ್ ಉಂಟು, ಪ್ರಸಂಗಕ್ಕೆ ಟೈಮ್ ಉಂಟು. ಪ್ರಸಂಗದಲ್ಲಿ ಈ ನಲವತ್ತು ದಿನ ಎಂತ ಬಿಡ್ತೀರಿ ಅನ್ನುದೇ ದೊಡ್ಡ ಮಾತು, ಮಾಂಸ ಬಿಡಿ, ಬಿಯರ್ ಬಿಡಿ, ಸೀರಿಯಲ್ ಬಿಡಿ, ಮೊಬೈಲ್ ಕಮ್ಮಿ ಮಾಡಿ. ಬೆಳಗ್ಗೆ ಎದ್ದರೆ ವಾಟ್ಸಾಪಲ್ಲಿ ತಪಸ್ಸುಕಾಲದ ದಿನಕ್ಕೊಂದು ಚಿಂತನೆ ಬರ್ತದೆ, ಹೂವಿನ ಚಿತ್ರದ ಮೇಲೆ ಎರಡು ಸಾಲಿನ ಬುದ್ಧಿಮಾತು, ಅದರಲ್ಲಿ ಆ ದಿನದ ಶುಭಸಂದೇಶದ ಒಂದು ವಾಕ್ಯವೂ ಇರುದಿಲ್ಲ. ಬಿಡುವುದು ತಪ್ಪಲ್ಲ, ನಮ್ಮ ಹಿರಿಯರೂ ಬಿಟ್ಟವರೇ. ಆದ್ರೆ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ಕಳೆದ ಶುಕ್ರವಾರದ ಮೊದಲ ವಾಚನ ಎಂತದು ಅಂತ ಒಮ್ಮೆ ತೆಗೆದು ಓದಿ, ಯೆಶಾಯ 58. ನಾನು ಮೆಚ್ಚುವ ಉಪವಾಸ ಇದು, ಅನ್ಯಾಯದ ಕಟ್ಟು ಬಿಚ್ಚುದು, ಹಸಿದವನಿಗೆ ನಿನ್ನ ರೊಟ್ಟಿ ಹಂಚುದು, ಮನೆ ಇಲ್ಲದವನನ್ನ ಮನೆಗೆ ಕರೆಯುದು. ನಮ್ಮಲ್ಲಿ ಕನ್‌ಸ್ಟ್ರಕ್ಷನ್ ಕೆಲಸಕ್ಕೆ ಉತ್ತರ ಕರ್ನಾಟಕದಿಂದ, ಒಡಿಶಾದಿಂದ ಬಂದು ಶೆಡ್ಡಲ್ಲಿರುವವರ ಕೂಲಿ ಬಾಕಿ ಇಟ್ಟು ಶುಕ್ರವಾರ ಮಾಂಸ ಬಿಟ್ಟರೆ ಆಯ್ತಾ ಅಂತ ಆ ಅಧ್ಯಾಯ ನೇರ ಮುಖಕ್ಕೇ ಕೇಳ್ತದೆ. ಇದನ್ನ ಯಾರೂ ವಿವರಿಸ್ಬೇಕಾಗಿಲ್ಲ, ಓದಿದ್ರೆ ಸಾಕು.

ಈಗ ಕೇರಳದ ವಿಷಯಕ್ಕೆ ಬರ್ತೇನೆ. ಇಲ್ಲಿ ಕಥೋಲಿಕರಲ್ಲೇ ಮೂರು ರೀತಿ, ನಮ್ಮ ಹಾಗೆ ಲ್ಯಾಟಿನ್, ಮತ್ತೆ ಸಿರೋ ಮಲಬಾರ್, ಸಿರೋ ಮಲಂಕರ. ಸಿರೋ ಮಲಬಾರಿನವರಿಗೆ ವಾಚನದ ಕ್ರಮವೇ ಬೇರೆ, ನೋಂಬು, ಅಂದ್ರೆ ತಪಸ್ಸುಕಾಲದ ಉಪವಾಸ, ಶುರುವಾಗುದು ಕೂಡ ಬುಧವಾರ ಅಲ್ಲ, ಅದಕ್ಕೆ ಎರಡು ದಿನ ಮೊದಲು ಸೋಮವಾರ. ಐವತ್ತು ನೋಂಬು ಅಂತಾರೆ. ಕಟ್ಟುನಿಟ್ಟಿನ ಮನೆಗಳಲ್ಲಿ ಮಾಂಸ ಮಾತ್ರ ಅಲ್ಲ, ಮೀನು, ಮೊಟ್ಟೆಯೂ ಇಲ್ಲ. ಮಾಂಸ ಇಲ್ಲದ ಶುಕ್ರವಾರ ಅಂದ್ರೆ ಬಂಗುಡೆ ಗಸಿ ಅಂತ ಬೆಳೆದ ನನಗೆ ಅದು ದೊಡ್ಡ ವ್ಯತ್ಯಾಸ. ಆದ್ರೆ ನನಗೆ ಮುಖ್ಯ ಅನಿಸಿದ್ದು ಆ ಕಟ್ಟುನಿಟ್ಟಲ್ಲ. ಇವರ ಪವಿತ್ರ ವಾರ, ಅಂದ್ರೆ ಈಸ್ಟರಿಗೆ ಮೊದಲಿನ ವಾರ, ಅರ್ಧ ಇಗರ್ಜಿಯಲ್ಲಿ (ಚರ್ಚಲ್ಲಿ), ಅರ್ಧ ಮನೆಯ ಊಟದ ಮೇಜಿನ ಮೇಲೆ. ಗರಿಗಳ ಭಾನುವಾರದ ಹಿಂದಿನ ದಿನ ಲಾಜರನ ನೆನಪಿಗೆ ಮನೆಮನೆಯಲ್ಲಿ ಕೊಳುಕ್ಕಟ್ಟ ಮಾಡ್ತಾರೆ, ಅಕ್ಕಿ ಹಿಟ್ಟಿನ ಒಳಗೆ ತೆಂಗಿನಕಾಯಿ ಬೆಲ್ಲ. ಗುರುವಾರ ರಾತ್ರಿ ಪೆಸಹಾ, ಯೇಸುವಿನ ಕೊನೆಯ ಊಟದ ನೆನಪಿಗೆ ಮನೆಯಲ್ಲೇ ಮಾಡುವ ಊಟ.

ನಾವು ಬಾಡಿಗೆಗಿರುವ ಮನೆಯ ಅಪ್ಪಚ್ಚನ್ ನಮ್ಮನ್ನೂ ಅದಕ್ಕೆ ಕರೀತಾರೆ. ಅಕ್ಕಿ ಉದ್ದಿನ ಹಿಟ್ಟಿಗೆ ಹುಳಿ ಬರಿಸದೆ ತಟ್ಟೆಯಲ್ಲಿ ಹಬೆಗೆ ಬೇಯಿಸಿದ ಅಪ್ಪ, ಅದರ ಮೇಲೆ ಗರಿಗಳ ಭಾನುವಾರ ಇಗರ್ಜಿಯಿಂದ ತಂದ ತೆಂಗಿನ ಗರಿಯ ಸಣ್ಣ ಶಿಲುಬೆ. ಪಕ್ಕದಲ್ಲಿ ತೆಂಗಿನ ಹಾಲಿಗೆ ಬೆಲ್ಲ, ಏಲಕ್ಕಿ, ಶುಂಠಿ ಹಾಕಿ ಕುದಿಸಿದ ಹಾಲು. ಇಗರ್ಜಿಯಿಂದ ಬಂದ ಮೇಲೆ ಎಲ್ಲರೂ ಕೈಕಾಲು ತೊಳೆದು ಮೇಜಿನ ಸುತ್ತ ನಿಲ್ತಾರೆ, ಟಿವಿ ಇಲ್ಲ, ಫೋನ್ ಇಲ್ಲ. ಮೊಮ್ಮಗಳು ಬೈಬಲ್ ತೆಗೆದು ವಿಮೋಚನಾಕಾಂಡ 12, ಅಂದ್ರೆ ಇಸ್ರಯೇಲರು ಈಜಿಪ್ಟ್ ಬಿಡುವ ರಾತ್ರಿಯ ಕುರಿಮರಿಯ ಊಟದ ಅಧ್ಯಾಯ, ಓದ್ತಾಳೆ, ತಡವರಿಸ್ತಾ ಓದ್ತಾಳೆ, ಯಾರೂ ಅವಸರ ಮಾಡುದಿಲ್ಲ. ಆಮೇಲೆ ಅಪ್ಪಚ್ಚನ್ ಶಿಲುಬೆಯನ್ನ ತೆಗೆದು ಬದಿಗಿಟ್ಟು ಅಪ್ಪ ಕೊಯ್ದು ವಯಸ್ಸಿನ ಪ್ರಕಾರ ಒಬ್ಬೊಬ್ಬರ ಕೈಗೆ ಕೊಡ್ತಾರೆ, ಎರಡು ಕೈ ಒಡ್ಡಿ ತಗೊಳ್ಬೇಕು, ಒಂದು ಚೂರೂ ನೆಲಕ್ಕೆ ಬೀಳ್ಬಾರ್ದು. ಆ ವರ್ಷ ಸಾವಾದ ಮನೆಯಲ್ಲಿ ಇದನ್ನ ಮಾಡುದಿಲ್ಲ, ಅಕ್ಕಪಕ್ಕದವರು, ನೆಂಟರು ತಂದು ಕೊಡ್ತಾರೆ.

ಅದೇ 12ನೇ ಅಧ್ಯಾಯದಲ್ಲಿ ಒಂದು ಮಾತುಂಟು, ಒಂದು ಮನೆಯವರಿಗೆ ಒಂದು ಕುರಿಮರಿ ಹೆಚ್ಚಾಗುದಾದ್ರೆ ಪಕ್ಕದ ಮನೆಯವರ ಜೊತೆ ಸೇರಿ ತಿನ್ನಲಿ ಅಂತ. ಸಾವಿನ ಮನೆಗೆ ಅಪ್ಪ ಹೋಗುವಾಗ ನನಗೆ ಆ ವಚನವೇ ನೆನಪಾದದ್ದು. ಇನ್ನೊಂದು ಉಂಟು. ನಮ್ಮ ಗುರುವಾರದ ಪೂಜೆಯಲ್ಲಿ ಈ ಅಧ್ಯಾಯವನ್ನ 14ನೇ ವಚನಕ್ಕೆ ನಿಲ್ಲಿಸ್ತಾರೆ, ಅದು ಎಲ್ಲ ಕಡೆಯ ಲ್ಯಾಟಿನ್ ಕ್ರಮ, ನಮ್ಮ ಫಾದರ್‌ಗಳ ತಪ್ಪಲ್ಲ. ಮನೆಯಲ್ಲಿ ಮುಂದೆ ಓದಿದ್ರೆ 26 ಬರ್ತದೆ, ಈ ಆಚರಣೆಯ ಅರ್ಥ ಎಂತ ಅಂತ ನಿಮ್ಮ ಮಕ್ಕಳು ಕೇಳುವಾಗ ನೀವು ಹೀಗೆ ಹೇಳ್ಬೇಕು ಅಂತ. ಮಕ್ಕಳು ಕೇಳ್ಬೇಕು, ದೊಡ್ಡವರು ಹೇಳ್ಬೇಕು ಅಂತ ದೇವವಾಕ್ಯವೇ ಹೇಳ್ತದೆ. ಅಷ್ಟು ಜನರ ಪೂಜೆಯ ನಡುವೆ ಯಾವ ಮಗು ಎದ್ದು ನಿಂತು ಕೇಳ್ಲಿಕ್ಕೆ ಸಾಧ್ಯ, ಅದಕ್ಕೆ ಮನೆಯೇ ಆಗ್ಬೇಕು.

ಹಾಗಂತ ಕೇರಳದ್ದೇ ಮೇಲು ಅಂತ ನಾನು ಹೇಳ್ತಾ ಇಲ್ಲ. ಇಲ್ಲಿ ಕೂತು ನನಗೆ ಊರಿನದ್ದು ಆಸೆಯಾಗುದು ಮುಖ್ಯವಾಗಿ ಶುಕ್ರವಾರಗಳಲ್ಲಿ. ನಮ್ಮಲ್ಲಿ ಶಿಲುಬೆಯ ಹಾದಿಯನ್ನ, ಅಂದ್ರೆ ಯೇಸು ಶಿಲುಬೆ ಹೊತ್ತು ನಡೆದದ್ದನ್ನ ನೆನೆಯುವ ಪ್ರಾರ್ಥನೆಯನ್ನ, ಒಂದೊಂದು ವಾರ ಒಂದೊಂದು ವಾಡೆಯವರು ನಡೆಸ್ತಾರಲ್ಲ, ಹದಿನಾಲ್ಕು ಠಾಣೆಗೆ ಹದಿನಾಲ್ಕು ಚಿಂತನೆ, ಅದನ್ನ ಬರೆದು ತರುದು ಬೀಡಿ ಕಟ್ಟಿ ಮಕ್ಕಳನ್ನ ಓದಿಸಿದ ಹೆಂಗಸು, ಬಸ್ಸಿನ ಕಂಡಕ್ಟರ್, ಪಿಯುಸಿ ಹುಡುಗಿ, ಗಲ್ಫಿಂದ ರಿಟೈರ್ ಆಗಿ ಬಂದವರು. ವೆರೋನಿಕಾ ಮುಖ ಒರೆಸುವ ಠಾಣೆಗೆ ಹಾಸಿಗೆ ಹಿಡಿದ ಅತ್ತೆಯ ಮುಖ ಒರೆಸುವ ಬಗ್ಗೆ ಒಬ್ಬ ಸೊಸೆ ಕೊಂಕಣಿಯಲ್ಲಿ ಓದಿದ್ದನ್ನ ನಾನು ಕೇಳಿದ್ದೇನೆ, ಅಂಥದ್ದನ್ನ ಯಾವ ದೊಡ್ಡ ಪ್ರವಚನಕಾರರೂ ಹೇಳ್ಲಿಕ್ಕಿಲ್ಲ. ಶುಭ ಶುಕ್ರವಾರ ಯೊವಾನ್ನನ 18, 19ನೇ ಅಧ್ಯಾಯಗಳನ್ನ ಮೂರು ದನಿಯಲ್ಲಿ ಹಾಡುವ ಕ್ರಮ ಚೆನ್ನಾಗಿ ನಡೆಯುವ ಕಡೆ ಅದರ ಮುಂದೆ ಮಾತಿಲ್ಲ, ಒಬ್ಬರು ಯೇಸು, ಒಬ್ಬರು ನಿರೂಪಕ, ಇನ್ನೊಬ್ಬರು ಉಳಿದವರೆಲ್ಲ, ಗುಂಪಿನ ಮಾತು ಕಾಯರ್‌ನಿಂದ. ಎರಡು ಅಧ್ಯಾಯ ಪೂರ್ತಿ, ಒಂದು ವಚನ ಬಿಡದೆ. ಜನ ಉಪವಾಸದಲ್ಲಿ, ಸೆಕೆಯಲ್ಲಿ, ನಿಂತುಕೊಂಡೇ ಕೇಳ್ತಾರೆ. ಅಂದ್ರೆ ನಮ್ಮ ಜನರಿಗೆ ಉದ್ದದ ವಾಚನ ಕೇಳುವ ತಾಳ್ಮೆ ಇಲ್ಲ ಅನ್ನುದು ಸುಳ್ಳು. ಶುಕ್ರವಾರ ಇರುವ ತಾಳ್ಮೆ ಶನಿವಾರ ರಾತ್ರಿ ಎಲ್ಲಿಗೆ ಹೋಗ್ತದೆ?

ಶನಿವಾರ ರಾತ್ರಿಯ ಜಾಗರಣೆ, ಅಂದ್ರೆ ಈಸ್ಟರಿನ ಹಿಂದಿನ ರಾತ್ರಿಯ ಪೂಜೆ, ನನ್ನ ದೊಡ್ಡ ತಕರಾರು. ಹಿಂದೆ ಅದನ್ನ ಶನಿವಾರ ಬೆಳಗ್ಗೆಯೇ ಮುಗಿಸ್ತಿದ್ರು, ಲ್ಯಾಟಿನ್ನಲ್ಲಿ, ಹನ್ನೆರಡು ಪ್ರವಾದನೆ, ಕೇಳುವ ಜನವೇ ಕಡಿಮೆ. 12ನೇ ಪಿಯುಸ್ ಪೋಪರು 1951ರಲ್ಲಿ ಅದನ್ನ ರಾತ್ರಿಗೆ ತಂದ್ರು, 1955ರಲ್ಲಿ ಇಡೀ ಪವಿತ್ರ ವಾರವನ್ನ ಸರಿಪಡಿಸಿದ್ರು. ಈಗಿನ ಕ್ರಮದಲ್ಲಿ ಹಳೆ ಒಡಂಬಡಿಕೆಯ ಏಳು ವಾಚನ, ಸೃಷ್ಟಿ, ಅಬ್ರಹಾಮ ಇಸಾಕ, ಕೆಂಪು ಸಮುದ್ರ, ಯೆಶಾಯ ಎರಡು, ಬಾರೂಕ, ಯೆಹೆಜ್ಕೇಲ. ತೀರಾ ಅಗತ್ಯ ಬಿದ್ದರೆ ಮೂರಕ್ಕೆ ಇಳಿಸಬಹುದು, ಕೆಂಪು ಸಮುದ್ರ ದಾಟುವ ವಾಚನ ಮಾತ್ರ ಬಿಡ್ಲಿಕ್ಕಿಲ್ಲ. ತೀರಾ ಅಗತ್ಯ ಅಂತ ಹೇಳಿದ್ದು ನಮ್ಮಲ್ಲಿ ಎಷ್ಟೋ ಕಡೆ ಪ್ರತಿ ವರ್ಷದ ಅಗತ್ಯ ಆಗಿದೆ. ಹೊಸ ಬೆಂಕಿ, ಮೇಣದಬತ್ತಿ, ಬಾಟ್ಲಿಯಲ್ಲಿ ತೀರ್ಥ ತುಂಬಿಸುದು, ಮನೆಗೆ ಹೋಗಿ ಸಾನ್ನ, ಬಾಫತ್. ಅದೆಲ್ಲ ಇರಲಿ, ಅದು ಹಬ್ಬ, ಅದರ ಸಂತೋಷವೇ ಬೇರೆ. ಆದ್ರೆ ಬಿಟ್ಟುಹೋಗುವ ಬಾರೂಕನ ವಾಚನದಲ್ಲಿ ಎಂತ ಉಂಟು ನೋಡಿ: ಇಸ್ರಯೇಲೇ, ನೀನು ಯಾಕೆ ಶತ್ರುಗಳ ದೇಶದಲ್ಲಿದ್ದಿ, ಪರದೇಶದಲ್ಲಿ ಮುದುಕನಾಗ್ತಾ ಇದ್ದಿ ಯಾಕೆ? ನಮ್ಮ ಸಮುದಾಯಕ್ಕೆ ಟಿಪ್ಪು ಸುಲ್ತಾನನ ಕಾಲದ 1784ರ ಸೆರೆಯ ನೆನಪುಂಟು, ಬೂದಿ ಬುಧವಾರದಂದೇ ಹಿಡಿದರು ಅಂತ ನಮ್ಮಲ್ಲಿ ಹೇಳಿಕೊಂಡು ಬಂದದ್ದು, ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದದ್ದು, 1799ರ ನಂತರ ಉಳಿದವರು ತಿರುಗಿ ಬಂದು ಇಗರ್ಜಿಗಳನ್ನ ಮತ್ತೆ ಕಟ್ಟಿದ್ದು. ಇವತ್ತು ಯಾರ ಮೇಲೋ ಸಿಟ್ಟು ಸಾಧಿಸ್ಲಿಕ್ಕೆ ಆ ನೆನಪನ್ನ ತೆಗೆಯುದು ನನಗೆ ಸರಿ ಕಾಣುದಿಲ್ಲ, ಅದನ್ನ ದೇವವಾಕ್ಯದ ಪಕ್ಕದಲ್ಲಿ ಇಟ್ಟು ಓದ್ಬೇಕು. ಸೆರೆ ಹೋಗಿ ತಿರುಗಿ ಬಂದವರ ಮೊಮ್ಮಕ್ಕಳು ನಾವು, ಈಗ ಅರ್ಧ ಜನ ದುಬೈ, ಕುವೈತ್, ಮುಂಬಯಿ ಅಂತ ಪರದೇಶದಲ್ಲೇ ವಯಸ್ಸಾಗ್ತಾ ಇರುವವರು. ಬಾರೂಕನನ್ನ ಕೇಳ್ಲಿಕ್ಕೆ ನಮಗಿಂತ ತಕ್ಕ ಜನ ಯಾರು?

ಗುರುವಾರದ್ದಕ್ಕೆ ನನ್ನದೊಂದು ಸಲಹೆ ಉಂಟು. ಕೇರಳದ ಅಪ್ಪ ಮಾಡಿ ಅಂತ ಅಲ್ಲ, ಅದು ಅವರದ್ದು, ನಮಗೆ ಎರವಲು ಬೇಡ. ನಮ್ಮಲ್ಲಿ ಸೆಪ್ಟೆಂಬರ್ 8ರ ಮೊಂತಿ ಹಬ್ಬ ಉಂಟಲ್ಲ. ಆಶೀರ್ವದಿಸಿದ ತೆನೆ ಮನೆಗೆ ತಂದು, ಹಿರಿಯರು ಪ್ರಾರ್ಥನೆ ಹೇಳಿ, ಕಾಳು ಸುಲಿದು ಪಾಯಸಕ್ಕೆ ಹಾಕಿ ಎಲ್ಲರೂ ಒಟ್ಟಿಗೆ ಬಾಳೆಲೆಯಲ್ಲಿ ಊಟ, ಊರಲ್ಲಿ ಇಲ್ಲದವರಿಗೆ ಲಕೋಟೆಯಲ್ಲಿ ನಾಲ್ಕು ಕಾಳು ಕಳಿಸುದು, ನನಗೆ ಈಗಲೂ ಬರ್ತದೆ. ಮನೆಯ ಮೇಜನ್ನ ಪ್ರಾರ್ಥನೆಯ ಜಾಗ ಮಾಡ್ಲಿಕ್ಕೆ ನಮಗೆ ಯಾರೂ ಕಲಿಸ್ಬೇಕಾಗಿಲ್ಲ. ಅದೇ ಹಿರಿಯರು, ಅದೇ ಮೇಜು, ಗುರುವಾರ ರಾತ್ರಿ ಗಂಜಿ ಚಟ್ನಿ ಇಟ್ಟು ವಿಮೋಚನಾಕಾಂಡ 12 ಪೂರ್ತಿ ಓದಿದ್ರೆ ಸಾಕು. ಕೊಂಕಣಿಯೋ ಕನ್ನಡವೋ, ಮನೆಯಲ್ಲಿ ಮಾತಾಡುವ ಭಾಷೆಯಲ್ಲಿ. ಅಜ್ಜಿಗೆ ಕನ್ನಡಕ ಇಲ್ಲ ಅಂದ್ರೆ ಮೊಮ್ಮಗ ಓದಲಿ, ಅವ ಇಂಗ್ಲಿಷ್ ಮೀಡಿಯಂ, ಕನ್ನಡ ಅಕ್ಷರ ನಿಧಾನ ಅಂದ್ರೆ ನಿಧಾನವೇ ಓದಲಿ.

ಹಬ್ಬ ಕಳೆದ ಮೇಲಿನದ್ದೂ ಒಂದು ಹೇಳ್ತೇನೆ. ತಪಸ್ಸುಕಾಲ ನಲವತ್ತು ದಿನ ಅಂತ ಎಲ್ಲರಿಗೂ ಲೆಕ್ಕ ಗೊತ್ತುಂಟು, ಪಾಸ್ಖ ಕಾಲ, ಅಂದ್ರೆ ಈಸ್ಟರ್ ಸಂಭ್ರಮದ ಕಾಲ, ಐವತ್ತು ದಿನ ಅಂತ ಯಾರೂ ಎಣಿಸುದಿಲ್ಲ, ಸೋಮವಾರಕ್ಕೆ ಎಲ್ಲ ಮುಗೀತು. ಆ ವಾರದ ಶುಕ್ರವಾರ ಯೊವಾನ್ನ 21 ಬರ್ತದೆ, ರಾತ್ರಿಯಿಡೀ ಬಲೆ ಬೀಸಿ ಏನೂ ಸಿಗದ ಶಿಷ್ಯರು, ದಡದಲ್ಲಿ ಯೇಸು ಕೆಂಡದ ಮೇಲೆ ಮೀನು ಸುಡ್ತಾ ಬನ್ನಿ ತಿಂಡಿ ತಿನ್ನಿ ಅಂತ ಕರೆಯುದು, 153 ದೊಡ್ಡ ಮೀನು. ಮಲ್ಪೆ ಬಂದರು ನೋಡಿ ಬೆಳೆದವರಿಗೆ ಬೋಟು ಖಾಲಿ ಬಂದ ಬೆಳಗು ಹೇಗಿರ್ತದೆ ಅಂತ ಗೊತ್ತುಂಟು. ಆ ದಿನದ ವಾಚನವೂ 14ಕ್ಕೇ ನಿಲ್ತದೆ, ಪೇತ್ರನ ಹತ್ರ ನನ್ನನ್ನ ಪ್ರೀತಿಸ್ತೀಯಾ ಅಂತ ಮೂರು ಸಲ ಕೇಳುದು ಅದರ ಮುಂದಿನ ವಚನಗಳಲ್ಲಿ. ಹಿಂದಿನ ಶುಕ್ರವಾರ ಅದೇ ಪೇತ್ರ ಇನ್ನೊಂದು ಕೆಂಡದ ಬೆಂಕಿ ಹತ್ರ ಚಳಿ ಕಾಯಿಸ್ತಾ ನಾನು ಅವನ ಶಿಷ್ಯ ಅಲ್ಲ ಅಂದದ್ದನ್ನ ನಾವು ನಿಂತು ಕೇಳಿರ್ತೇವೆ. ಎರಡನ್ನೂ ಒಂದೇ ಕೂತಲ್ಲಿ ಮನೆಯಲ್ಲಿ ಓದಿ ನೋಡಿ, ಅರ್ಧ ಗಂಟೆಯೂ ಬೇಡ.

2027 ಬಿ ವರ್ಷ, ಸಮಾರ್ಯದ ಹೆಂಗಸು, ಕುರುಡ, ಲಾಜರ ಆ ವರ್ಷದ ಭಾನುವಾರಗಳಿಗೆ ಇಲ್ಲ, ಇನ್ನು 2029ಕ್ಕೆ. ಆದ್ರೆ ಬಿ, ಸಿ ವರ್ಷಗಳಲ್ಲೂ ಬೇಕಾದ್ರೆ ಎ ವರ್ಷದ ಈ ಮೂರು ವಾಚನಗಳನ್ನ ತಗೊಳ್ಳಬಹುದು ಅಂತ ಕ್ರಮದಲ್ಲೇ ಅವಕಾಶ ಉಂಟು. ಇಗರ್ಜಿಯ ಪಾಲನಾ ಮಂಡಳಿಯಲ್ಲಿ ಇರುವವರು ಯಾರಾದ್ರೂ ಇದನ್ನ ಓದ್ತಾ ಇದ್ರೆ ತಪಸ್ಸುಕಾಲದ ತಯಾರಿಯ ಮೀಟಿಂಗಲ್ಲಿ ಫಾದರ್ ಹತ್ರ ಎರಡು ವಿಷಯ ಕೇಳಿ, ಆ ಮೂರು ಭಾನುವಾರ ಉದ್ದದ ರೂಪವನ್ನೇ ಓದಿಸ್ಲಿಕ್ಕೆ ಆಗ್ತದಾ, ಜಾಗರಣೆಗೆ ಏಳು ವಾಚನಕ್ಕೆ ಏಳು ವಾಡೆಯಿಂದ ಓದುವವರನ್ನ ಈಗಲೇ ಗೊತ್ತು ಮಾಡಿ ಪ್ರಾಕ್ಟೀಸ್ ಮಾಡಿಸಬಹುದಾ ಅಂತ. ಬಾರೂಕನನ್ನ ಓದ್ಲಿಕ್ಕೆ ಊರಿಗೆ ರಜೆಯಲ್ಲಿ ಬಂದ ಒಬ್ಬ ಗಲ್ಫಿನವರನ್ನ ಹಾಕಿ.